ತಡೆಯುವಷ್ಟು ದಿನ

“ದುಪಟ್ಟಾ ಬಿಡ್ರಿ! ನಾಚ್ಕಿ ಬರಂಗಿಲ್ಲೇನ್ ನಿಮಗ?”

ಶಹಾಬಾದಿನ ಕಲ್ಲಿನ ಯಾರ್ಡಿನಲ್ಲಿ, ಕಾಲೇಜು ಮಕ್ಕಳೆಲ್ಲರ ಎದುರು, ಫಿಸಿಕ್ಸ್ ಮೇಡಂ ಪ್ರಮಿತಾ ಸಿಡಿದುಬಿದ್ದಳು. ಎಳೆದರೆ ಹಿಗ್ಗಿ, ಬಿಟ್ಟರೆ ಮೊದಲಿನಂತಾಗುವ ಉಕ್ಕಿನ ಗುಣವನ್ನು ಮಕ್ಕಳಿಗೆ ಕಣ್ಣಾರೆ ತೋರಿಸೋಣವೆಂದು ಅವರನ್ನು ಅಲ್ಲಿಗೆ ಕರೆತಂದಿದ್ದಳು. ನಿಂತ ಕ್ರೇನಿನ ತಂತಿಹಗ್ಗಕ್ಕೆ ಬೆನ್ನು ಮಾಡಿ ಸ್ಥಿತಿಸ್ಥಾಪಕತೆಯ ಪಾಠ ಹೇಳುತ್ತಿದ್ದಾಗ ಹಿಂದಿನಿಂದ ಯಾರೋ ಎಳೆದಂತಾಯಿತು. ತಿರುಗಿದರೆ, ಕೈಗೆಲ್ಲ ಗ್ರೀಸು ಬಳಿದುಕೊಂಡ ಯುವಕನೊಬ್ಬ ಅವಳ ದುಪಟ್ಟಾದ ತುದಿ ಹಿಡಿದು ನಿಂತಿದ್ದ.

“ನಾ ಹಿಡದಿಲ್ರಿ ಮೇಡಂ, ಹಗ್ಗ ಹಿಡದಾದ,” ಎಂದ. “ಅಲಗಾಡಬ್ಯಾಡ್ರಿ, ಕೈ ಕೊಯ್ತದ.”

ನಿಜವೇ. ಹಗ್ಗದಲ್ಲಿ ಮುರಿದಿದ್ದ ಒಂದು ಸಣ್ಣ ತಂತಿಯ ಮೊನೆ ಹೊರಗೆ ಇಣುಕಿ ನೂಲನ್ನು ಕಚ್ಚಿಕೊಂಡಿತ್ತು. ಬಿಡಿಸುವಾಗ ಬಟ್ಟೆ ಹರಿದು, ಅಂಗೈಯಗಲದ ಹಸಿರು ಚೂರು ಅವನ ಕೈಯಲ್ಲೇ ಉಳಿಯಿತು. ಅವನು ಮೇಲೆ ನೋಡಿ ಕ್ರೇನಿನವನಿಗೆ ಕೂಗಿದ: “ಖಾಜಾ ಭಾಯ್, ಕೆಲಸ ಬಂದ್! ಈ ಹಗ್ಗ ಇಳಸ್ರಿ.”

ಅಜಯಕುಮಾರ, ತೆಂಗಳಿಯವನು. ಡಿಪ್ಲೊಮಾ ಮುಗಿಸಿ ಶಹಾಬಾದ್, ವಾಡಿ ಸುತ್ತಿನ ಯಾರ್ಡುಗಳಲ್ಲಿ ಕ್ರೇನಿನ ಹಗ್ಗಗಳ ತಪಾಸಣೆ ಮಾಡುತ್ತಿದ್ದ. ಹತ್ತಿಬಟ್ಟೆಯಲ್ಲಿ ಹಗ್ಗ ಹಿಡಿದು ಉದ್ದಕ್ಕೂ ಒರೆಸುತ್ತಾ ಹೋಗುವುದು ಅವನ ಕೆಲಸ. ನೂಲಿನ ಎಳೆ ಸಿಕ್ಕಿಬಿದ್ದರೆ ಅಲ್ಲಿ ತಂತಿ ಮುರಿದಿದೆ ಎಂದೇ ಅರ್ಥ.

ಬೈದದ್ದಕ್ಕೆ ಸಾರಿ ಅನ್ನಲು ಬಾಯಿ ಬಾರದೆ ಪ್ರಮಿತಾ ಮೇಡಂತನವನ್ನೇ ಮುಂದೆ ಮಾಡಿದಳು. “ಮಿತಿ ಮೀರಿ ಭಾರ ಹಾಕಿರಬೇಕಲ್ರಿ?”

“ಇಲ್ರಿ, ಮಿತಿಯೊಳಗೇ ಇತ್ತು. ಸಣ್ಣ ಭಾರ. ಆದ್ರ ದಿನಾ, ಮತ್ತ ಮತ್ತ.”

“ಹಾಂಗಾದ್ರ ಲೋಹದ ದಣಿವು. ನಮ್ಮ ಪುಸ್ತಕದಾಗೂ ಹಿಂಗೇ ಅಂತಾರ.”

“ಹೌದ್ರಿ, ದಣಿವು.” ಅವನ ಕಣ್ಣಿನ ಮೂಲೆಯಲ್ಲಿ ತುಂಟತನ ಕಾಣಿಸಿತು. “ಬೈದು ಬೈದು ನಿಮಗೂ ದಣಿವಾಗ್ಯಾದ. ಕುಂದ್ರಿ, ಚಾ ತರಸ್ತೀನಿ.”

ಅವಳಿಗೆ ನಗು ತಡೆಯಲಾಗಲಿಲ್ಲ. ಆ ಹಾಳು ನಗುವೇ ಎಲ್ಲದಕ್ಕೂ ಮೂಲ.

ಇರುಳು ಕಂಡ ಬಾವಿಗೆ ಹಗಲು ಬಿದ್ದರು ಅನ್ನುತ್ತಾರಲ್ಲ, ಇಬ್ಬರೂ ಹಾಗೇ ಬಿದ್ದರು. ಅವಳದು ಚಿತ್ತಾಪುರದ ವೈಷ್ಣವರ ಮನೆ. ತಂದೆ ನಂದಕಿಶೋರ್ ರಾವ್ ನಿವೃತ್ತ ಹೆಡ್ ಮಾಸ್ತರರು, ವಿಠ್ಠಲನ ಪೂಜೆಯಾಗದೆ ಅಲ್ಲಿ ಒಲೆ ಹೊತ್ತದು. ಅವನ ಮನೆಯ ಗೋಡೆಯ ಮೇಲಿದ್ದವನು ಬುದ್ಧ. ಬಾವಿ ಎಲ್ಲಿದೆಯೆಂದು ಇಬ್ಬರಿಗೂ ಚೆನ್ನಾಗಿ ಗೊತ್ತಿತ್ತು.

ವಾಡಿ ಜಂಕ್ಷನ್ನಿನ ಕೊನೆಯ ಬೆಂಚು ಅವರದಾಯಿತು. ಒಮ್ಮೆ ಅವನು ಆ ಹಸಿರು ಚೂರನ್ನು ಜೇಬಿನಿಂದ ತೆಗೆದು, ಅವಳ ಕಿರುಬೆರಳಿನಿಂದ ಮುಂಗೈಯವರೆಗೆ ಮೆಲ್ಲಗೆ ಒರೆಸಿದ. ತೀರಾ ಗಂಭೀರವಾಗಿ, ಕೆಲಸದಲ್ಲಿದ್ದವನ ಹಾಗೆ.

“ಏನ್ ಮಾಡಾಕತ್ತಿ?”

“ತಪಾಸಣಿ. ಎಲ್ಲೂ ಎಳಿ ಸಿಗವಲ್ದು. ಮೇಡಂ ಭಾಳ ಗಟ್ಟಿ ಅದಾರ.”

ಅವಳು ಕೈ ಎಳೆದುಕೊಳ್ಳಲಿಲ್ಲ. ಪ್ಲಾಟ್‌ಫಾರಂ ಮೇಲೆ ಜನರಿದ್ದರು, ಆದರೂ ಎಳೆದುಕೊಳ್ಳಲಿಲ್ಲ.

“ಮನ್ಯಾಗ ಯಾವಾಗ ಹೇಳ್ತಿ, ಪ್ರಮಿತಾ?”

“ಜರಾ ತಡಿ, ಅಜಯ್.”

“ತಡೀತೀನಿ.”

ಆ ಸೀಮೆಯಲ್ಲಿ ಕಾಯುವುದಕ್ಕೂ ಹೊರುವುದಕ್ಕೂ ಒಂದೇ ಮಾತು. ಮನುಷ್ಯನೂ ತಡೆಯುತ್ತಾನೆ, ಹಗ್ಗವೂ ತಡೆಯುತ್ತದೆ. ಅವಳು ಕಾಯು ಅಂದಳು, ಅವನು ಹೊತ್ತ. ತಂಗಿ ಹರಿಪ್ರಿಯಾಳ ಮದುವೆ ಆಗಲಿ, ತಡಿ. ಅಪ್ಪನ ಹೃದಯದ ಆಪರೇಷನ್ ಆಗಲಿ, ತಡಿ. ಅಪ್ಪ ಸುಧಾರಿಸಿಕೊಳ್ಳಲಿ, ತಡಿ. ಒಂದೂ ಸುಳ್ಳು ಕಾರಣವಲ್ಲ, ಅದೇ ದುಃಖ. ಪ್ರತಿ ಸಲವೂ ಅವನು ನಗುತ್ತಾ ಮರಳಿ ಬರುತ್ತಿದ್ದ. ಬಿಟ್ಟರೆ ಮೊದಲಿನಂತೆಯೇ ಆಗುತ್ತಾನೆಂದು ಅವಳೂ ನಂಬಿದ್ದಳು. ಫಿಸಿಕ್ಸ್ ಹೇಳುವವಳು!

ಅಪ್ಪನನ್ನು ನೋಡುವ ನೆಪದಲ್ಲಿ ಅವನನ್ನು ಒಮ್ಮೆ ಮನೆಗೇ ಕರೆದಿದ್ದಳು, ಕಾಲೇಜಿನ ಪರಿಚಯದವರೆಂದು ಹೇಳಿ. ತಾಯಿ ನರ್ಮದಾಬಾಯಿ ಊರು ಕೇಳಿದರು, ಆಮೇಲೆ, “ಯಾರ ಪೈಕಿ?” ಎಂದರು. ಅವನು ಜಾತಿ ಮುಚ್ಚಿಡಲಿಲ್ಲ. ಚಹಾ ಬಂತು. ಎಲ್ಲರಿಗೂ ಸ್ಟೀಲ್ ಲೋಟ, ಅವನಿಗೆ ಪೇಪರ್ ಕಪ್. ಪ್ರಮಿತಾ ಅದನ್ನು ಕಂಡಳು. ಅವಳು ಕಂಡದ್ದನ್ನು ಅವನೂ ಕಂಡ. ಅವಳ ಬಾಯಿಂದ ಒಂದು ಮಾತು ಹೊರಡಲಿಲ್ಲ. ಅವನು ಚಹಾ ಕುಡಿದು, ಯಾರೂ ಎತ್ತುವ ಕಷ್ಟ ಬೇಡವೆಂಬಂತೆ ಕಪ್ಪನ್ನು ಮಡಚಿ ಜೇಬಿಗಿಟ್ಟುಕೊಂಡು, ಕೈಮುಗಿದು ಹೊರಟ.

ಗೇಟಿನ ಬಳಿ ಅವಳು ಪಿಸುಗುಟ್ಟಿದಳು: “ತಡ್ಕೋ, ಅಜಯ್.”

“ತಡೀಲಿಕತ್ತೀನಿ,” ಎಂದ. ಆ ದಿನ ನಗಲಿಲ್ಲ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಆಡದೆ ಹೋದ ಮಾತಿನಿಂದ ಹೋಗುವುದರ ಲೆಕ್ಕ ಯಾರು ಇಡುತ್ತಾರೆ?

ಅವನು ಫೋನ್ ಎತ್ತುವುದನ್ನು ನಿಲ್ಲಿಸಿದ. ಮರುದಿನ ಬೆಳಿಗ್ಗೆ, ಪೂಜೆ ಮುಗಿಸಿ ಕುಳಿತ ಅಪ್ಪನ ಎದುರು ನಿಂತು ಎಲ್ಲವನ್ನೂ ಹೇಳಿಬಿಟ್ಟಳು. ಒಳಗೆ ಅಮ್ಮ ಅಳತೊಡಗಿದರು. ಅಪ್ಪ ಕೈಯಲ್ಲಿದ್ದ ತುಳಸಿಮಾಲೆ ಕೆಳಗಿಟ್ಟು ಕೇಳಿದರು:

“ಕಪ್ ಜೇಬಿಗಿ ಹಾಕ್ಕೊಂಡು ಹೋದಾವ ಏನು?”

“ಹೌದಪ್ಪಾ.”

“ನಾ ನೋಡಿದ್ದೆ. ನೋಡಿ ಸುಮ್ಮ ಕುಂತಿದ್ದೆ. ಅವತ್ತಿಂದ ಚಾ ಗಂಟಲಾಗ ಇಳಿವಲ್ದು.” ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. “ಹುಚ್ಚಿ, ಇದನ್ನ ಹೇಳ್ಲಿಕ್ಕ ಇಷ್ಟು ದಿನ ಬೇಕಾಯ್ತೇನ? ಹೋಗು, ಕರಕೊಂಡ ಬಾ. ಈ ಸಲ ನಾನೇ ಚಾ ಕೊಡ್ತೀನಿ.”

ಇಷ್ಟೇ ಆಗಿತ್ತು. ಅವಳು ಹೆದರಿದ ಬೆಟ್ಟ ಇಷ್ಟೇ ಆಗಿತ್ತು.

ಶಹಾಬಾದಿನ ಯಾರ್ಡಿಗೆ ಓಡೋಡಿ ಬಂದಾಗ ಅಜಯ್ ಹೊಸ ಹಗ್ಗ ಒರೆಸುತ್ತಿದ್ದ. ಅಂದೇ ಇಳಿಸಿದ ಹಳೇ ಹಗ್ಗ ಪಕ್ಕದಲ್ಲಿ ಸುರುಳಿಯಾಗಿ ಬಿದ್ದಿತ್ತು.

“ಬರ್ರಿ ಮೇಡಂ. ಕುಂದ್ರಿ.”

ಆ ‘ರಿ’ ಕಿವಿಗೆ ಬಿದ್ದಾಗಲೇ ಅವಳಿಗೆ ಅರ್ಧ ತಿಳಿಯಿತು. ಉಳಿದರ್ಧವನ್ನು ಅವನು ನೆಲ ನೋಡುತ್ತಾ ಹೇಳಿದ.

“ಅವ್ವ ಚಿಂಚೋಳಿಗಿ ಹೋಗಿ ಹೆಣ್ಣು ನೋಡಿ ಬಂದಾಳ್ರಿ. ಪೂನಮ್ ಅಂತ, ನರ್ಸ್ ಅದಾಳ. ಮೊನ್ನಿ ನಾನೂ ಹೂಂ ಅಂದೆ. ನಿಮಗ ಹೆಂಗ ಹೇಳಬೇಕಂತ ತಿಳೀದೆ ಫೋನ್ ಎತ್ತಲಿಲ್ರಿ.”

“ನಾ ಹೇಳೀನಿ ಅಜಯ್! ಅಪ್ಪ ಒಪ್ಯಾರ! ಕರಕೊಂಡ ಬಾ ಅಂದಾರ!”

ಅವನ ಕೈಯಲ್ಲಿದ್ದ ಬಟ್ಟೆ ಹಗ್ಗದ ಮೇಲೆ ನಿಂತುಬಿಟ್ಟಿತು. ಮುಖ ಎತ್ತಿದ, ಕಣ್ಣು ತುಂಬಿತ್ತು.

“ಇನ್ನೊಂದೆರಡು ದಿನ ತಡೀಲಿಕ್ಕ ಆಗಲಿಲ್ಲೇನು?” ಅವಳ ದನಿ ಒಡೆಯಿತು.

“ಕೇಳಿದ್ರ ಹಗ್ಗನೂ ಇನ್ನೊಂದೆರಡು ದಿನ ತಡೀತೀನಿ ಅಂತದ್ರಿ. ಅದಕ್ಕೇ ನಾವು ಹಗ್ಗಕ್ಕ ಕೇಳಂಗಿಲ್ಲ. ಎಳಿ ಸಿಕ್ತು ಅಂದ್ರ ಇಳಸ್ತೀವಿ. ಹರದು ಯಾರ ಮ್ಯಾಲರೆ ಬೀಳೂದರೊಳಗ.”

“ಆ ಹುಡುಗಿಗಿ ಹೇಳು, ಜರಾ...” ಮುಂದಿನ ಮಾತು ಅವಳ ನಾಲಿಗೆಯ ಮೇಲೇ ನಿಂತಿತು.

“ಅಕಿಗಿ ನಾ ತಡಿ ಅನ್ನಂಗಿಲ್ರಿ,” ಎಂದ ಅವನು. “ಆ ಮಾತು ಹೊರ್ಲಿಕ್ಕ ಎಷ್ಟು ವಜ್ಜಿ ಅದ ಅಂತ ನನಗ ಗೊತ್ತದ.”

ಇಬ್ಬರೂ ಅತ್ತರು. ಕ್ರೇನಿನ ಮೇಲಿದ್ದ ಖಾಜಾ ಬೇರೆ ಕಡೆ ಮುಖ ತಿರುಗಿಸಿ ಕುಳಿತ.

ಎದ್ದು ನಿಂತಾಗ ಪ್ರಮಿತಾ ಕೇಳಿದಳು: “ನನ್ನ ದುಪಟ್ಟಾದ ಚೂರರೆ ಕೊಡು.”

“ಎಲ್ಲಿಂದ ಕೊಡ್ಲಿ? ಒರಸಿ ಒರಸಿ ಎಳಿ ಎಳಿ ಆಗಿ ಹೋಯ್ತ್ರಿ.”

ಚಿತ್ತಾಪುರದ ಮನೆಯ ಪಡಸಾಲೆಯಲ್ಲಿ ಅಪ್ಪ ಒಗೆದ ಧೋತರ ಉಟ್ಟು ಬಾಗಿಲ ಕಡೆಗೇ ನೋಡುತ್ತಾ ಕುಳಿತಿದ್ದರು. ಟೀಪಾಯಿಯ ಮೇಲೆ ಬೆಳಗಿಟ್ಟ ಸ್ಟೀಲ್ ಲೋಟಗಳು, ಒಂದರ ಪಕ್ಕ ಒಂದು, ಎಲ್ಲವೂ ಒಂದೇ ಥರದವು. ಅಮ್ಮ ಅಡುಗೆಮನೆಯಲ್ಲಿ ಚಹಾಕ್ಕೆ ನೀರಿಟ್ಟಿದ್ದರು.

“ಬಂದ್ನೇನವ್ವಾ?”

ಅವಳು ಇಲ್ಲವೆಂದು ತಲೆ ಅಲ್ಲಾಡಿಸಿದಳು. ಅಪ್ಪನಿಗೆ ಅರ್ಥವಾಗಲಿಲ್ಲ. ಮಗಳ ಬೆನ್ನು ಸವರಿ, ನಗುತ್ತಲೇ ಹೇಳಿದರು:

“ಬರ್ತಾನ ಬಿಡು. ಜರಾ ತಡಿ.”

ಪ್ರಮಿತಾ ಅವನಿಗೆಂದು ಇಟ್ಟಿದ್ದ ಲೋಟವನ್ನು ಎತ್ತಿಕೊಂಡು ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟಳು.