ಹಸಿರು ತಟ್ಟೆಯ ಸಾಕ್ಷಿ

ಮಂತ್ರಿ ನಾಫಿಜ್ ಪಾಷಾ ವಿಷದಿಂದ ಸತ್ತ ದಿನವೇ, ಅವರಿಗೆ ಕಾಫಿ ತಂದ ಗುಲಾಮ ಹುಡುಗಿ ದಿಲ್‌ಫೆರಾಹಳ ಅಂಗಾಲುಗಳಿಗೆ ಮೂಳೆ ಕಾಣುವವರೆಗೆ ಹೊಡೆದರು. ಅವಳು ತಪ್ಪೊಪ್ಪಿಕೊಂಡಳು. ಹಾಗೆ ಹೊಡೆಯುವುದನ್ನು ಪಾಷಾ ಆ ವರ್ಷ ನಿಷೇಧಿಸಿದ್ದರು.

ನಾನೂ ನನ್ನ ಗೆಳೆಯ, ಪತ್ತೇದಾರ ತಾಹ್ಸಿನ್ ಎಫೆಂದಿಯೂ ಬಾಸ್ಫರಸ್ ಜಲಸಂಧಿಯ ದಂಡೆಯ ಆ ಮನೆ ಹೊಕ್ಕಾಗ ಠಾಣೆಯ ಮುಖ್ಯಸ್ಥ ಕೋಲು ಒರೆಸುತ್ತಿದ್ದ.

"ತಡ ಆಯ್ತಲ್ಲ ಎಫೆಂದಿ! ಹಕ್ಕಿ ಆಗಲೇ ಹಾಡಿಬಿಡ್ತು."

"ಅಂಗಾಲಿಗೆ ಬಿದ್ರೆ ನೀನೂ ಹಾಡ್ತೀಯ. ಅವಳು ಕಾಫಿ ರುಚಿ ನೋಡಿಯೇ ಕೊಟ್ಟಳಂತಲ್ಲ?"

"ಆಮೇಲೆ ಬೆರೆಸಿರ್ತಾಳೆ. ಊಟದಲ್ಲಂತೂ ವಿಷ ಇರ್ಲಿಲ್ಲ. ಪಾಷಾ ಉಂಡದ್ದು ಚೀನಾದ ಹಸಿರು ತಟ್ಟೇಲಿ. ವಿಷ ಸೋಕಿದ್ರೆ ಅದು ಬಣ್ಣ ಬಿಡುತ್ತೆ. ಹಾಲು ಕುಡಿಯೋ ಕೂಸಿಗೂ ಗೊತ್ತು."

ನಾನೂ ಅದನ್ನು ನಂಬಿದವನೇ. ತಾಹ್ಸಿನ್ ಪಾಷಾರ ವಿಧವೆ ಪೆರಿವೆಶ್ ಹಾನಿಮ್ ಕಡೆ ತಿರುಗಿದ.

"ರುಚಿ ನೋಡಿದ ಮೇಲೆ ಬಟ್ಟಲು ಯಾರ ಕೈಲಿತ್ತು?"

"ನನ್ನ ಕೈಲಿ. ನಾನೇ ಅವರಿಗೆ ಕೊಟ್ಟೆ."

"ಹುಡುಗಿಗೆ ಹೊಡೀವಾಗ ಹೇಳ್ಲಿಲ್ವಾ?"

"ಯಾರೂ ಕೇಳ್ಲಿಲ್ಲ."

"ಊಟಕ್ಕೆ ಜೊತೆಗೆ ಯಾರಿದ್ರು?"

"ದಿನಾ ಅಪ್ಪ ಮಗಂದು ಒಂದೇ ತಟ್ಟೆ. ಇವತ್ತು ನಮ್ಮ ವಾಮಿಕ್‌ಗೆ ಹಸಿವಿರ್ಲಿಲ್ಲ."

ವಾಮಿಕ್ ಕಣ್ಣೊರೆಸಿಕೊಂಡ. ಮುಲ್ಲಾಗಳನ್ನು ಎದುರು ಹಾಕಿಕೊಂಡು ಪಾಷಾ ತೆರೆದ ಹೊಸ ವೈದ್ಯಶಾಲೆಯಲ್ಲಿ ಕಲಿತವನು ಅವನು.

ತಾಹ್ಸಿನ್ ಅಡುಗೆಮನೆಗೆ ಹೋಗಿ ಬಂದ. ಎಲ್ಲರನ್ನೂ ಕೂರಿಸಿ ಹಸಿರು ತಟ್ಟೆಯನ್ನು ನಡುವೆ ಇಟ್ಟ.

"ಪಾಷಾ ಬಿಟ್ಟ ಮಾಂಸ. ತಟ್ಟೆ ಬಣ್ಣ ಬಿಟ್ಟಿಲ್ಲ ನೋಡಿ. ತಿನ್ನಿ."

ಮುಖ್ಯಸ್ಥ ಕೈ ಚಾಚಿದ. ಹಾನಿಮ್ ಒಂದು ತುಂಡನ್ನು ತುಟಿಗೆ ಒಯ್ದಳು.

"ಅಮ್ಮಾ, ಬೇಡ!" ವಾಮಿಕ್ ಅವಳ ಕೈಗೆ ಬಡಿದ.

"ಹೆದರಬೇಡ, ಇದು ಪಾಷಾ ಬಿಟ್ಟದ್ದಲ್ಲ, ಈಗ ಬೆಂದದ್ದು," ಎಂದ ತಾಹ್ಸಿನ್. "ಕಾಫಿ ಕುಡಿದ ಹುಡುಗಿ ಬದುಕಿದ್ದಾಳೆ, ಆಮೇಲೆ ಅವಳು ಬಟ್ಟಲು ಮುಟ್ಟಿಲ್ಲ. ಉಳಿದದ್ದು ಊಟ, ಅದರಲ್ಲಿ ವಿಷ ಇತ್ತು ಅಂತ ನಿನ್ನ ಕೂಗೇ ಹೇಳ್ತು. ತಟ್ಟೇನ ನಂಬೋನು ಅದರಲ್ಲಿ ವಿಷ ಇಡಲ್ಲ. ಅದು ಬರೀ ಪಿಂಗಾಣಿ ಅಂತ ಗೊತ್ತಿದ್ದವನು ಈ ಮನೇಲಿ ಒಬ್ಬನೇ, ಅಪ್ಪನೇ ಓದಿಸಿದ ವೈದ್ಯ. ಇವತ್ತು ಉಣ್ಣದವನೂ ಅವನೇ. ಪಾಷಾ ಗುಲಾಮರ ಪೇಟೆ ಮುಚ್ಚಿಸೋರಿದ್ರು. ಅಲ್ಲಿನ ದಲ್ಲಾಳಿಗೆ ಪಾಲುದಾರ ಯಾರಪ್ಪಾ, ನೀನೇ ಅಲ್ವಾ?"

"ನನ್ನ ಬೀದಿಗೆ ತಳ್ತಿದ್ದ ಮುದುಕ," ಎಂದ ವಾಮಿಕ್.

ಮುಖ್ಯಸ್ಥ ಅವನನ್ನು ಹಿಡಿಯಲಿಲ್ಲ. ಹಾನಿಮ್ ಮುಖ ನೋಡಿದ.

"ಗಂಡನ ರಕ್ತದ ಹಕ್ಕು ನಂದು. ಮಗನ್ನ ಕ್ಷಮಿಸಿದೀನಿ," ಎಂದಳು ಆಕೆ.

ಸತ್ತವರ ವಾರಸುದಾರರು ಕ್ಷಮಿಸಿದರೆ ನಮ್ಮ ಕಾನೂನಿನಲ್ಲಿ ಕೊಲೆಗಾರನಿಗೆ ಗಲ್ಲಿಲ್ಲ. ಅಲ್ಲಿಗೆ ಕೊಲೆಯ ಮಾತು ಮುಗಿಯಿತು. ಆದರೆ ನೊಂದವರು ಕ್ಷಮಿಸಿ ಬಿಟ್ಟುಕೊಡದ ಹಕ್ಕು ಗೋರಿಯಾಚೆಗೂ ಕುತ್ತಿಗೆ ಹಿಡಿಯುತ್ತದೆ ಎಂಬುದು ನಮ್ಮವರ ನಂಬಿಕೆ. ಹಾನಿಮ್ ಮೂಲೆಯಲ್ಲಿ ಬಿದ್ದಿದ್ದ ದಿಲ್‌ಫೆರಾಹಳ ಹತ್ತಿರ ಹೋದಳು.

"ನಮ್ಮನ್ನೆಲ್ಲ ಕ್ಷಮಿಸಿದೆ ಅನ್ನೇ. ಹಾಗಂದ್ರೆ ನಿನಗೆ ಬಿಡುಗಡೆ. ಇಲ್ದಿದ್ರೆ ನಾಳೆ ಗುಲಾಮರ ಪೇಟೆಗೆ."

"ಒಂದು ಮಾತು ತಾನೇ, ಹೇಳಮ್ಮ," ಎಂದ ಮುಖ್ಯಸ್ಥ, ಮೆತ್ತಗೆ.

ದಿಲ್‌ಫೆರಾಹ್ ಗೋಡೆ ಹಿಡಿದು ಎದ್ದು ಕೂತಳು.

"ಪಾಷಾ ನಿಮ್ಮೋರು, ಅವರ ರಕ್ತ ನೀವೇ ಕ್ಷಮಿಸ್ಕೊಳ್ಳಿ. ಕಾಲು ನಂದು. ಹೇಳಲ್ಲ."