ಹೂಂಗುಟ್ಟುವ ಡಬ್ಬಿ

"ಆಗ ನನಗ ಹದಿನೆಂಟು ವರ್ಷ," ಎಂದಳು ಶಿವಗಂಗವ್ವ.

"ಹೂಂ," ಎಂದಿತು ಡಬ್ಬಿ.

"ಸಾಲಿ ಅಡಿಗಿ ಕೆಲಸ ಇನ್ನಾ ಸಿಕ್ಕಿರಲಿಲ್ಲ. ನಿಮ್ಮಪ್ಪಾರು ಹತ್ತಿ ಮಿಲ್ಲಿಗೆ ಹೋಗ್ತಿದ್ರು."

"ಹೂಂ."

ಅದು ೨೦೬೧ನೇ ಇಸವಿ. ನವಲಗುಂದದ ಒಂದು ಖಾನಾವಳಿಯ ಹಿಂದಿನ ಕೋಣೆಯಲ್ಲಿ ಎಂಬತ್ತಮೂರು ವರ್ಷದ ಶಿವಗಂಗವ್ವ ಗೋಡೆಗೆ ಒರಗಿ ಕೂತು, ಉಪ್ಪಿನ ಡಬ್ಬಿಯಷ್ಟಿದ್ದ ಒಂದು ಯಂತ್ರಕ್ಕೆ ತನ್ನ ಬಾಳನ್ನು ಹೇಳುತ್ತಿದ್ದಳು. ಯಂತ್ರ ಅವಳ ಮಾತನ್ನು ಬರಹಕ್ಕಿಳಿಸಿ, ಹೇಳಿದ್ದನ್ನೇ ಹೇಳಿದ್ದರೆ ತೆಗೆದು, ಹಿಂದುಮುಂದಾದದ್ದನ್ನು ಸರಿಪಡಿಸಿ ಪುಸ್ತಕ ಮಾಡುತ್ತಿತ್ತು.

ಊರ ಶಾಲೆಯಲ್ಲಿ ಬಿಸಿಯೂಟ ಬೇಯಿಸುತ್ತ ಮೂವತ್ತು ವರ್ಷ ಕಳೆದವಳಿಗೆ ಬರಹ ಮಾತ್ರ ಹತ್ತಿರಲಿಲ್ಲ. ಮೂರು ಸಲ ಸಾಕ್ಷರತಾ ತರಗತಿಗೆ ಹೋಗಿ ಬಂದಿದ್ದಳು. "ಅಕ್ಷರ ಹುಳದಂಗ ಹರದಾಡ್ತಾವ" ಎನ್ನುತ್ತಿದ್ದಳು. ಅದು ಮಿದುಳಿನ ಒಂದು ತೊಡಕು, ದಡ್ಡತನವಲ್ಲ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾಗಿದ್ದ ಮೇಷ್ಟರು ಅವಳ ಕೈಯಡುಗೆ ಉಂಡು ಹೋಗುತ್ತಿದ್ದರು, ಅಷ್ಟೇ.

ಇಂಥವರಿಗಾಗಿಯೇ ಧಾರವಾಡದ ಧ್ವನಿವಿಜ್ಞಾನಿ ಮೇಘನಾ ಅಣ್ಣಿಗೇರಿ ಈ ಡಬ್ಬಿಯನ್ನು ಮಾಡಿದ್ದರು. ಮೊದಲ ಡಬ್ಬಿ ಸುಮ್ಮನೆ ಕೇಳುತ್ತಿತ್ತು, ಮತ್ತು ಹಳಬರು ಅದರ ಮುಂದೆ ನಾಲ್ಕು ಮಾತಾಡಿ ಬಾಯಿ ಮುಚ್ಚುತ್ತಿದ್ದರು. ಕಾರಣ ತಿಳಿಯಲು ಮೇಘನಾರಿಗೆ ಒಂದು ವರ್ಷ ಹಿಡಿಯಿತು. ನಮ್ಮಲ್ಲಿ ಕತೆ ಹೇಳಬೇಕಾದರೆ ಎದುರಿಗೆ ಹೂಂಗುಟ್ಟುವವರು ಬೇಕು. ಹೂಂ ನಿಂತರೆ ಕೇಳುವವರಿಗೆ ನಿದ್ದೆ ಹತ್ತಿತೆಂದೇ ಲೆಕ್ಕ. ಅವರು ಯಂತ್ರಕ್ಕೆ ಅದನ್ನು ಕಲಿಸಿದರು. ಹೇಳುವವರ ದನಿ ಇಳಿದು, ಮುಕ್ಕಾಲು ಸೆಕೆಂಡು ಬಿಡುವು ಬಂದರೆ ಸಾಕು, ಡಬ್ಬಿ ಹೂಂ ಅನ್ನುತ್ತಿತ್ತು. ಅದೂ ಮನೆಯವರದೇ ದನಿಯಲ್ಲಿ. ಹಳೆಯ ಫೋನ್ ಕರೆಗಳಿಂದ ಆ ದನಿಯನ್ನು ಹೆಕ್ಕಿಕೊಳ್ಳುತ್ತಿತ್ತು. ಆಮೇಲೆ ಮುದುಕರು ಮಾತಾಡಿದ್ದೇ ಮಾತಾಡಿದ್ದು.

ಶಿವಗಂಗವ್ವನ ಡಬ್ಬಿ ಮಗಳು ಭುವನಾಳ ದನಿಯಲ್ಲಿ ಹೂಂಗುಟ್ಟುತ್ತಿತ್ತು. ಖಾನಾವಳಿ ನಡೆಸುವ ಭುವನಾಳಿಗೆ ಅರವತ್ತು ದಾಟಿದ್ದರೂ ಪುರಸೊತ್ತಿರಲಿಲ್ಲ. ಡಬ್ಬಿಯನ್ನು ಅವ್ವನ ಮುಂದಿಟ್ಟು, "ಹೇಳವ್ವಾ, ಕೆಲಸಾ ಮಾಡ್ಕೋತ ನಾ ಇದರಾಗ ಕೇಳ್ತಿರ್ತೀನಿ" ಎಂದಿದ್ದಳು. ಅವ್ವ ಬಾಯಿಬಿಡಲಿ ಎಂದು ಹೇಳಿದ ಸಣ್ಣ ಸುಳ್ಳು. ಪುಸ್ತಕ ಬಂದ ಮೇಲೆ ಓದಿದರಾಯಿತು ಎಂದುಕೊಂಡಿದ್ದಳು.

"ನಿನ್ನಕಿಂತ ಮೊದಲ ನನಗೊಂದು ಗಂಡು ಹುಟ್ಟಿತ್ತವಾ," ಎಂದಳು ಶಿವಗಂಗವ್ವ.

"ಹೂಂ."

"ಗದಗಿನ ನಿಮ್ಮ ಸೋದರತ್ತಿಗೆ ಮಕ್ಕಳಾಗಿರಲಿಲ್ಲ. ಹೆಸರಿಟ್ಟ ದಿನಾನ ಆಕಿ ಉಡ್ಯಾಗ ಹಾಕಿದ್ವಿ. ಯಾರ ಮುಂದೂ ಅನ್ನಬಾರದಂತ ಆಣಿ ಮಾಡಿಸ್ಕೊಂಡ್ರು. ನಮ್ಮ ರಾಚಪ್ಪ... ಅಂವ ನಿಮ್ಮಣ್ಣವಾ."

"ಹೂಂ."

ಮುದುಕಿ ಸೆರಗಿನಿಂದ ಕಣ್ಣೊರೆಸಿಕೊಂಡು ಬಾಗಿಲು ನೋಡಿದಳು. ಇಷ್ಟು ಕೇಳಿದ ಮಗಳು ಓಡಿ ಬರುತ್ತಾಳೆಂದುಕೊಂಡಳು. ಮುಂದಿನ ಕೋಣೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಲ್ಲಲಿಲ್ಲ.

"ಸಾಯೂದ್ರಾಗ ಅಂವಗ ನನ್ನ ಬಾಯಿಲೆ ಹೇಳಬೇಕು. ಒಮ್ಮೆ ಕರಸ್ತೀಯೇನವಾ?"

ದನಿ ಇಳಿದಿತ್ತು. ಮುಕ್ಕಾಲು ಸೆಕೆಂಡು ಕಳೆಯಿತು.

"ಹೂಂ," ಎಂದಿತು ಡಬ್ಬಿ.

ಮರುದಿನದಿಂದ ಶಿವಗಂಗವ್ವ ಬೆಳಗಾದರೆ ತಲೆ ಬಾಚಿಕೊಂಡು, ಒಗೆದ ಸೀರೆ ಉಟ್ಟು ಬಾಗಿಲಿಗೆ ಎದುರಾಗಿ ಕೂರತೊಡಗಿದಳು. ಅವ್ವನಿಗೆ ಬಂದುಹೋಗುವ ಜನರನ್ನು ನೋಡುವ ಆಸೆ ಎಂದುಕೊಂಡ ಭುವನಾ ಒಂದು ಕುರ್ಚಿ ಹಾಕಿಕೊಟ್ಟಳು. ಹತ್ತು ದಿನವಾಯಿತು, ರಾಚಪ್ಪ ಬರಲಿಲ್ಲ. ಹೂಂ ಅಂದವಳನ್ನು ಮತ್ತೆ ಕೇಳಿ ಅಂಗಲಾಚುವುದು ಮುದುಕಿಯ ಜಾಯಮಾನವಲ್ಲ. ಮಗಳಿಗೆ ಮನಸ್ಸಿಲ್ಲ, ಅವ್ವನನ್ನು ಹಂಚಿಕೊಳ್ಳಲು ಇಷ್ಟವಿಲ್ಲ ಎಂದು ತಾನೇ ತೀರ್ಮಾನಿಸಿ ಡಬ್ಬಿಯ ಜೊತೆ ಮಾತು ಬಿಟ್ಟಳು.

"ಯಾಕವ್ವಾ, ಕತಿ ಮುಗೀತೇನ?" ಎಂದು ಭುವನಾ ಕೇಳಿದಳು.

"ಹೇಳೂದು ಹೇಳೇನಿ. ಇನ್ನ ನಿನ್ನ ಕೈಯಾಗೈತಿ."

"ಆತು ಬಿಡು," ಎಂದು ಭುವನಾ ಗಿರಾಕಿಗಳಿಗೆ ಬಡಿಸಲು ಹೋದಳು.

ಎರಡು ತಿಂಗಳಿಗೆ ಶಿವಗಂಗವ್ವ ತೀರಿಕೊಂಡಳು. ದಿಂಬಿನ ಕೆಳಗೆ ಒಂದು ನೋಟ್‌ಬುಕ್ಕು ಸಿಕ್ಕಿತು. ಮೂರು ಪುಟದ ತುಂಬ ಸೊಟ್ಟಸೊಟ್ಟನೆಯ 'ರ', ಕೆಲವು ತಲೆಕೆಳಗು. ಈ ವಯಸ್ಸಿನಲ್ಲೂ ಅವ್ವ ಅಕ್ಷರ ತಿದ್ದಿದ್ದಳೆಂದು ಭುವನಾ ಬಂದವರಿಗೆಲ್ಲ ಹೆಮ್ಮೆಯಿಂದ ತೋರಿಸಿದಳು. ಗದಗಿನಿಂದ ಬಂದಿದ್ದ ರಾಚಪ್ಪನಿಗೂ ತೋರಿಸಿದಳು. ಅವನು ನೋಡಿ, "ಅತ್ತಿ ಭಾಳ ಚಲೋ ಸಾರು ಮಾಡ್ತಿದ್ಲು" ಎಂದು, ಕುಣಿಗೆ ಒಂದು ಹಿಡಿ ಮಣ್ಣು ಹಾಕಿ ನಾಲ್ಕು ಗಂಟೆಯ ಬಸ್ಸಿಗೆ ಹೋದ.

ಪುಸ್ತಕ ಬಂದದ್ದು ಆಮೇಲೆ. ನಲವತ್ತೆರಡನೆಯ ಪುಟವನ್ನು ಭುವನಾ ಎರಡೆರಡು ಸಲ ಓದಿದಳು. ಕೊನೆಯ ಸಾಲನ್ನು ಯಂತ್ರ ತನ್ನ ಶುದ್ಧ ಕನ್ನಡದಲ್ಲಿ ಬರೆದಿತ್ತು: "ಅವನನ್ನು ಕರೆಸಲು ನನ್ನ ಮಗಳು ಒಪ್ಪಿದಳು."

"ನಾ ಯಾವಾಗ ಒಪ್ಪಿದೆನ್ರಿ?" ಧಾರವಾಡದ ಪ್ರಯೋಗಾಲಯದಲ್ಲಿ ಭುವನಾ ಚೀರಿದಳು. "ನನ್ನ ದನಿ ಕದ್ದು ನಮ್ಮವ್ವಗ ಮಾತು ಕೊಟ್ರಲ್ಲಾ!"

ಮೇಘನಾ ಉತ್ತರಿಸಿದರು. "ತಪ್ಪು ನಮ್ಮದರಿ. ಪ್ರಶ್ನೆಗೂ ಅದು ಹೂಂ ಅಂತೈತಿ ಅನ್ನೂದು ನನಗ ಹೊಳೀಲೇ ಇಲ್ಲ. ಆದ್ರ ಕದ್ದಿಲ್ಲರಿ, ನೀವ ಸಹಿ ಮಾಡಿ ಕೊಟ್ಟ ಕರೆಗಳು. ಬ್ಯಾರೆ ಊರಾಗಿದ್ದ ಹನ್ನೊಂದು ವರ್ಷ ನೀವು ನಿಮ್ಮ ತಾಯಿ ಜೊತಿ ಫೋನಿನಾಗ ಆಡಿದ್ದರಾಗ ಹೂಂ ಬಿಟ್ರ ಬ್ಯಾರೆ ಮಾತು ಭಾಳ ಸಿಗಲಿಲ್ಲ."

ಭುವನಾ ಕುರ್ಚಿ ಎಳೆದುಕೊಂಡು ಕೂತಳು. "ಆವಾಗ ಅಕಿ ಏನ್ ಹೇಳ್ತಿದ್ಲರಿ?"

"ಅದನ್ನ ಉಳಿಸ್ಕೊಂಡಿಲ್ಲರಿ. ನಮಗ ಬೇಕಾಗಿದ್ದು ಹೂಂ ಅಷ್ಟ."

ಮೇಘನಾ ಮರುವಾರವೇ ಎಲ್ಲ ಡಬ್ಬಿಗಳ ಹೂಂ ನಿಲ್ಲಿಸಿದರು. ತಿಂಗಳೊಳಗೆ ಮೂವತ್ತು ಸಾವಿರ ಮನೆಗಳ ಮುದುಕರು ಮೂಕರಾದರು. ಡಬ್ಬಿ ಕೆಟ್ಟಿದೆ, ರಿಪೇರಿ ಮಾಡಿಕೊಡಿ ಎಂದು ಮಕ್ಕಳು ದೂರಿತ್ತರು. ತಾವೇ ಹೋಗಿ ಅವ್ವನ ಎದುರು ಕೂರುತ್ತೇವೆ ಎಂದವರು ಒಬ್ಬರೂ ಇರಲಿಲ್ಲ. ಹೂಂ ಮತ್ತೆ ಶುರುವಾಯಿತು.

ಭುವನಾ ಗದಗಿಗೆ ಹೋಗಿ ಅರವತ್ತೈದರ ರಾಚಪ್ಪನಿಗೆ ಆ ಪುಟ ಓದಿ ಹೇಳಿದಳು. ನೋಟ್‌ಬುಕ್ಕನ್ನೂ ಮುಂದಿಟ್ಟಳು. ಓದಿ ಮುಗಿಯುವ ತನಕ ಅವನು ಒಮ್ಮೆಯೂ ಹೂಂ ಅನ್ನಲಿಲ್ಲ. ಕೊನೆಗೆ, "ಮಣ್ಣ ಹಾಕಿ ಬಂದ ಮ್ಯಾಲೆ ನನಗ್ಯಾಕ ಹೇಳಿದಿ?" ಎಂದು ಎದ್ದು ಒಳಗೆ ಹೋದ. ಹೊರಗೆ ಬರಲಿಲ್ಲ.

ಇದೆಲ್ಲ ನಡೆಯಲು ಇನ್ನೂ ಮೂವತ್ತೈದು ವರ್ಷವಿದೆ. ಇವತ್ತು ಶಿವಗಂಗವ್ವನಿಗೆ ನಲವತ್ತೆಂಟು. ಶಾಲೆಯ ಪಾತ್ರೆ ತೊಳೆದಿಟ್ಟು ಈಗಷ್ಟೇ ಮನೆಗೆ ಬಂದಿದ್ದಾಳೆ. ಒದ್ದೆ ಕೈ ಒರೆಸಿಕೊಂಡು ಮಗಳ ಪಕ್ಕದಲ್ಲಿ ಕೂತು, "ಭುವೀ, ನಿನಗೊಂದು ಮಾತು ಹೇಳೂದೈತಿ" ಎನ್ನುತ್ತಾಳೆ.

ಭುವನಾ ಮೊಬೈಲಿನಿಂದ ತಲೆ ಎತ್ತದೆ "ಹೂಂ" ಎನ್ನುತ್ತಾಳೆ.