ಬಾಣಕ್ಕೆ ಎದುರಾಗಿ

"ಕಣ್ಣು ಕಾಣಿಸಲ್ವೇನ್ರೀ ನಿಮಗೆ?"

ನಜಾರಿಯೊ ಜೊತೆ ನಾನು ಆಡಿದ ಮೊದಲ ಮಾತು ಇದು. ಏಪ್ರಿಲ್‌ನ ಒಂದು ಭಾನುವಾರ, ಕಲ್ಲುಗುಡಿಸಲಿನ ತಿರುವಿನಲ್ಲಿ ಅವನ ಸೈಕಲ್ಲು ನನ್ನ ಸೈಕಲ್ಲಿಗೆ ಇನ್ನೇನು ಗುದ್ದಬೇಕು, ಅಷ್ಟರಲ್ಲಿ ಇಬ್ಬರೂ ಬ್ರೇಕ್ ಹಿಡಿದೆವು.

"ಕಾಣಿಸುತ್ತೆ. ಬಾಣ ಆ ಕಡೆಗಿದೆ, ನಾನು ಈ ಕಡೆಯಿಂದ ಬರ್ತಿದೀನಿ," ಎಂದ.

"ಗೊತ್ತಿದ್ದೂ ಬಂದ್ರಾ?"

"ದಾರಿ ಉಂಗುರದ ಥರ ಇದೆ ತಾಯಿ. ಯಾವ ಕಡೆಯಿಂದ ಹೋದ್ರೂ ಮನೆಗೇ ತಾನೇ ಬರೋದು?"

ಆ ಹಳದಿ ಬಾಣಗಳನ್ನು ಬರೆದವಳು ನಾನು. ಸ್ಪೇನಿನ ನಮ್ಮೂರು ವಾಲ್ದೆಮೋರದಿಂದ ಹೊರಟು, ಎಬ್ರೊ ನದಿಯ ಪಕ್ಕದಲ್ಲೇ ಸಾಗಿ, ಅರ್ಧ ದಾರಿಯಲ್ಲಿ ತೊರ್ರೆಯ ಎಂಬ ಊರನ್ನು ಮುಟ್ಟಿ, ದ್ರಾಕ್ಷಿ ತೋಟಗಳ ನಡುವೆ ತಿರುಗಿ ಮತ್ತೆ ನಮ್ಮೂರ ಚೌಕಕ್ಕೇ ಬರುವ ಇಪ್ಪತ್ತನಾಲ್ಕು ಕಿಲೋಮೀಟರ್ ಸೈಕಲ್ ದಾರಿ ಅದು. ಏರಿಲ್ಲ, ಇಳಿಜಾರಿಲ್ಲ, ಅಜ್ಜಿಯರೂ ಆರಾಮಾಗಿ ತುಳಿಯುತ್ತಾರೆ. ಅದನ್ನು ನೋಡಿಕೊಳ್ಳುವ ಕೆಲಸವನ್ನು ಊರಿನವರು ನಾಲ್ಕು ವರ್ಷದ ಹಿಂದೆ ನನಗೆ ಕೊಟ್ಟಿದ್ದರು. ಪ್ರತಿ ಭಾನುವಾರ ಒಂಬತ್ತಕ್ಕೆ ಹೊರಟು ಒಂದು ಸುತ್ತು ಹಾಕುತ್ತಿದ್ದೆ. ಬಿದ್ದ ಬಾಣದ ಹಲಗೆ ಎತ್ತಿ ನಿಲ್ಲಿಸುತ್ತಿದ್ದೆ, ಮಾಸಿದ್ದಕ್ಕೆ ಬಣ್ಣ ಹಚ್ಚುತ್ತಿದ್ದೆ. ಗಂಡ ಮೆಲ್ಚೊರ್ ತೀರಿಕೊಂಡ ಮೇಲೆ ಈ ಕೆಲಸ ನನಗೆ ಬಹಳ ಒಗ್ಗಿತ್ತು. ಒಂಟಿ ಹೆಂಗಸು ಎಲ್ಲಿಗೋ ಹೋಗಿ ಬಂದ ಹಾಗೂ ಆಯಿತು, ಎಲ್ಲಿಗೂ ಹೋಗದ ಹಾಗೂ ಆಯಿತು.

ನಜಾರಿಯೊ ಸೋರಿಯಾ ಕಡೆಯ ಕಲ್ಲುಕೆಲಸದವನು. ಹಿಂದಿನ ಕಾಲದಲ್ಲಿ ತೋಟ ಕಾಯುವವರು ಕೂರುತ್ತಿದ್ದ ಕಲ್ಲುಗುಡಿಸಲುಗಳನ್ನು ಸರಿಮಾಡಲು ಬಂದು, ತೊರ್ರೆಯದಲ್ಲಿ, ಎಲ್ಲರೂ ಅತ್ತೆ ಎಂದೇ ಕರೆಯುವ ವಿಸಿತಾಳ ಮನೆಯ ಮೇಲಿನ ಕೋಣೆಯಲ್ಲಿದ್ದ. ಜಗಳವಾಡಿದ ಮರುವಾರವೂ ಅವನು ಬಾಣಕ್ಕೆ ಎದುರಾಗಿಯೇ ಬಂದ. ಅದರ ಮರುವಾರವೂ ಬಂದ. ನಾನು ನನ್ನೂರಿಂದ ಒಂಬತ್ತಕ್ಕೆ, ಅವನು ಅವನೂರಿಂದ ಒಂಬತ್ತಕ್ಕೆ. ಒಂಬತ್ತೂವರೆಗೆ ಅದೇ ಗುಡಿಸಲಿನ ಹತ್ತಿರ ಎದುರಾಗುತ್ತಿದ್ದೆವು. ಅವನ ಚೀಲದಲ್ಲಿ ಆಮ್ಲೆಟ್ ಇಟ್ಟ ಬ್ರೆಡ್ಡು, ನನ್ನ ಫ್ಲಾಸ್ಕಿನಲ್ಲಿ ಕಾಫಿ. ಅರ್ಧ ಗಂಟೆ ಮಾತು, ಆಮೇಲೆ ಅವನ ದಾರಿ ಅವನಿಗೆ, ನನ್ನದು ನನಗೆ.

"ನಿಮ್ಮ ಮೂಗಿನ ಮೇಲೊಂದು ಬಾಣ ಇದೆ," ಎಂದ ಒಂದು ದಿನ. ಬಣ್ಣ ಮೆತ್ತಿಕೊಂಡಿತ್ತು.

"ಯಾವ ಕಡೆಗೆ?"

ಅವನು ತಲೆ ಓರೆ ಮಾಡಿ, ಒಂದು ಕಣ್ಣು ಮುಚ್ಚಿ, ಕಲ್ಲಿನ ಮಟ್ಟ ನೋಡುವವನ ಹಾಗೆ ನೋಡಿದ. "ಸದ್ಯಕ್ಕೆ ನನ್ನ ಕಡೆಗೇ ಇದೆ."

ನಾನು ಕಾಫಿ ಕುಡಿಯುವ ನೆಪದಲ್ಲಿ ಲೋಟದೊಳಗೆ ಮುಖ ಇಟ್ಟೆ. ಮುಂದಿನ ಆರು ದಿನ ಅದೊಂದೇ ಮಾತನ್ನು ಮೆಲುಕು ಹಾಕಿದೆ.

ಸೆಪ್ಟೆಂಬರ್‌ನಲ್ಲಿ ಹೇಳಿದೆ, "ಒಂದು ಭಾನುವಾರನಾದ್ರೂ ಬಾಣ ಹೇಳಿದ ಹಾಗೆ ಹೋಗಿ. ಅವತ್ತು ನೀವು ಹೆಂಗಸರ ಮಾತು ಕೇಳೋ ಗಂಡಸು ಅಂತ ಒಪ್ಕೋತೀನಿ."

"ಒಪ್ಕೊಂಡು ಏನು ಮಾಡ್ತೀರಿ?"

"ಮೊದಲು ಹೋಗಿ, ಆಮೇಲೆ ನೋಡೋಣ."

ಅಕ್ಟೋಬರ್‌ನಲ್ಲಿ ಕೊಯ್ಲು ಮುಗಿಯಿತು. ಕೊನೆಯ ದಿನ ಮನಸ್ಸಿಗೆ ಹಿಡಿಸಿದವರ ಮುಖಕ್ಕೆ ಹಣ್ಣಾದ ಗೊಂಚಲು ಉಜ್ಜುವುದು ನಮ್ಮ ಪದ್ಧತಿ. ಹಾಗೆ ಮದುವೆಯಾದವರು ಊರಲ್ಲಿ ಹತ್ತಾರು ಜೋಡಿ ಇದ್ದಾರೆ. ನಜಾರಿಯೊ ಕೂಡ ಬುಟ್ಟಿ ಹೊರಲು ಬಂದಿದ್ದ. ಎಪ್ಪತ್ತು ದಾಟಿದ ವಿಸಿತಾ ಅತ್ತೆಯನ್ನೂ ಬಿಡಲಿಲ್ಲ, ಅಟ್ಟಿಸಿಕೊಂಡು ಹೋಗಿ ಹಚ್ಚಿದ. ಆಮೇಲೆ ಕೈಯಲ್ಲೊಂದು ಗೊಂಚಲು ಹಿಡಿದು ನನ್ನೆದುರು ಬಂದು ನಿಂತ. ನಾನು ಓಡಲಿಲ್ಲ. ಓಡಬಾರದೆಂದು ಬೆಳಿಗ್ಗೆಯೇ ತೀರ್ಮಾನಿಸಿದ್ದೆ.

ಅವನ ನೋಟ ನನ್ನ ಕಣ್ಣಿನಿಂದ ಕೆನ್ನೆಗೆ, ಕೆನ್ನೆಯಿಂದ ನನ್ನ ಕಪ್ಪು ಸ್ವೆಟರಿಗೆ ಇಳಿಯಿತು. ಗೊಂಚಲನ್ನು ಮೆಲ್ಲಗೆ ಬುಟ್ಟಿಯಲ್ಲಿಟ್ಟು, ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ.

"ಕೆಲಸ ಮುಗೀತು. ಸೋಮವಾರ ಸೋರಿಯಾಕ್ಕೆ ಹೊರಡ್ತೀನಿ," ಎಂದ.

"ಒಳ್ಳೇದು," ಎಂದೆ. ನನ್ನ ನಾಲಿಗೆಗೆ ಅದಕ್ಕಿಂತ ಕೆಟ್ಟ ಮಾತು ಸಿಗಲಿಲ್ಲ.

ಆ ಸಂಜೆ ಊರಿನ ಹೆಂಗಸರೆಲ್ಲ ನಲ್ಲಿಯ ಹತ್ತಿರ ನಗುತ್ತಾ ಮುಖ ತೊಳೆದುಕೊಳ್ಳುತ್ತಿದ್ದರು. ನನಗೆ ತೊಳೆದುಕೊಳ್ಳುವಂಥದ್ದೇನೂ ಇರಲಿಲ್ಲ. ಐದು ವರ್ಷದಿಂದ ನನ್ನ ಕೆನ್ನೆಗೆ ಗಾಳಿ, ಬಿಸಿಲು, ಸೋಪು ಬಿಟ್ಟು ಬೇರೇನೂ ತಾಕಿರಲಿಲ್ಲ. ಮನೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ.

ಭಾನುವಾರ ಕೊನೆಯ ಅವಕಾಶ. ಏನಾದರೂ ಆಗಲಿ, ಈ ಸಲ ಬಾಯಿಬಿಟ್ಟು ಕೇಳಿಯೇಬಿಡಬೇಕು ಎಂದುಕೊಂಡು ಹೊರಟೆ. ಒಂಬತ್ತೂವರೆಗೆ ಗುಡಿಸಲಿನ ಹತ್ತಿರ ಯಾರೂ ಇರಲಿಲ್ಲ. ಹತ್ತರವರೆಗೆ ಕಾದೆ. ಲೋಟಕ್ಕೆ ಬಗ್ಗಿಸಿದ ಕಾಫಿ ಆರಿತು. ಒಂದು ಮಾತೂ ಹೇಳದೆ ಹೋಗಿಬಿಟ್ಟನಲ್ಲ ಎಂದು ಸಂಕಟವಾಯಿತು. ಮುಂದೆ ತುಳಿದು ತೊರ್ರೆಯಕ್ಕೆ ಬಂದಾಗ ವಿಸಿತಾ ಅತ್ತೆ ಬಾಗಿಲಲ್ಲಿ ಕೂತು ಕೆಂಪು ಮೆಣಸಿನಕಾಯಿ ಪೋಣಿಸುತ್ತಿದ್ದಳು.

"ನಜಾರಿಯೊ ಊರಿಗೆ ಹೋದ್ನಾ ಅತ್ತೆ?"

"ಊರಿಗೆ ನಾಳೆ. ಈಗ ಸೈಕಲ್ ಮೇಲೆ ಹೋಗಿದಾನೆ, ಒಂಬತ್ತಕ್ಕೇ. ಇವತ್ತು ನಿನ್ನ ಬಾಣ ತೋರಿಸಿದ ಕಡೆಗೇ ಹೋದ. 'ಅವಳು ಒಂದೇ ಒಂದು ಕೇಳಿದ್ದು, ಅದನ್ನಾದ್ರೂ ನಡೆಸಿಕೊಟ್ಟು ಹೋಗ್ತೀನಿ' ಅಂದ. ತಲೆ ಬಾಚ್ಕೊಂಡು ಹೋದ ಕಣೇ, ಪಾಪ."

ನಾನು ಸೈಕಲ್ ಹಿಡಿದು ಹಾಗೇ ನಿಂತೆ. ಒಂದೇ ಉಂಗುರದ ಮೇಲೆ ಇಬ್ಬರೂ ಒಂದೇ ದಿಕ್ಕಿಗೆ ಹೊರಟಿದ್ದೆವು. ಹೀಗೆ ಸಾಯುವ ತನಕ ತುಳಿದರೂ ಅವನ ಮುಖ ನನಗೆ ಕಾಣುತ್ತಿರಲಿಲ್ಲ.

"ಗಾಣದೆತ್ತುಗಳು, ಇಬ್ರೂ," ಎಂದಳು ಅತ್ತೆ.

ನಾಚಿಕೆ ಬಿಟ್ಟು ಕೇಳಿದೆ, "ಅವತ್ತು ನನಗೆ ಯಾಕೆ ದ್ರಾಕ್ಷಿ ಹಚ್ಲಿಲ್ಲ?"

"ನಾನೇ ಹೇಳಿದ್ದೆ. ಹೊರಗಿನವನು, ಪದ್ಧತಿ ಗೊತ್ತಿಲ್ಲ. ಕಪ್ಪು ಹಾಕ್ಕೊಂಡಿರೋ ವಿಧವೆಯ ಮುಖ ಮುಟ್ಬೇಡಪ್ಪ, ಅವಳಿನ್ನೂ ಗಂಡನ ದುಃಖದಲ್ಲಿದಾಳೆ ಅಂದೆ."

"ಅತ್ತೆ, ಇದು ಬೆಚ್ಚಗಿದೆ ಅಂತ ಹಾಕ್ಕೊಳ್ಳೋದು."

ಅವಳು ಸೂಜಿ ಕೆಳಗಿಟ್ಟಳು. "ಅಯ್ಯೋ ಹುಚ್ಚೀ. ಅದನ್ನ ಬಾಯಿಬಿಟ್ಟು ಹೇಳೋಕೆ ನಿನಗೇನಾಗಿತ್ತು?"

ನಾನು ಹೇಳಿದ್ದು ಪೂರ್ತಿ ನಿಜವೂ ಅಲ್ಲ. ಮೆಲ್ಚೊರ್‌ನ ಆ ಸ್ವೆಟರ್ ಹಾಕಿಕೊಂಡಿದ್ದರೆ ಯಾರೂ ನನ್ನನ್ನು ಏನೂ ಕೇಳುತ್ತಿರಲಿಲ್ಲ. ಕೇಳದೆ ಇರಲಿ ಎಂದೇ ಹಾಕಿಕೊಳ್ಳುತ್ತಿದ್ದೆ. ಈಗ ಅದನ್ನು ಬಿಚ್ಚಿ, ಮಡಿಸಿ, ಅತ್ತೆಯ ತೊಡೆಯ ಮೇಲಿಟ್ಟೆ. ಚಳಿ ಚುರುಕ್ಕೆಂದಿತು.

ಊರಾಚೆಯ ತೋಟದಲ್ಲಿ ಇಳಿದು ಹುಡುಕಿದೆ. ಕೊಯ್ಲು ಮುಗಿದ ಮೇಲೆ ಬಳ್ಳಿಯಲ್ಲಿ ಉಳಿದದ್ದು ಸಿಕ್ಕವರಿಗೆ ಸೇರಿದ್ದು. ಎಲೆಯಡಿ ಒಂದು ಪುಟ್ಟ ಗೊಂಚಲು ಸಿಕ್ಕಿತು, ಅರ್ಧ ಒಣಗಿದ್ದು. ಅದನ್ನು ಸೈಕಲ್ಲಿನ ಬುಟ್ಟಿಯಲ್ಲಿಟ್ಟುಕೊಂಡು, ಬಂದ ದಾರಿಯಲ್ಲೇ ತಿರುಗಿ ತುಳಿದೆ. ನಾಲ್ಕು ವರ್ಷದಲ್ಲಿ ಮೊದಲ ಸಲ ನನ್ನ ಹಲಗೆಗಳ ಹಿಂಬದಿ ನೋಡಿದೆ. ಬರೀ ಮರ, ಒಂದು ಗುರುತೂ ಇಲ್ಲ. ಈ ಕಡೆಯಿಂದ ಬರುವವರಿಗೆ ನಾನು ಏನನ್ನೂ ಬರೆದಿರಲಿಲ್ಲ.

ನದಿಯ ತಿರುವಿನಲ್ಲಿ ಅವನು ಬರುತ್ತಿದ್ದ, ತಲೆ ತಗ್ಗಿಸಿಕೊಂಡು, ನೀಟಾಗಿ ಬಾಚಿದ ಕೂದಲು ಗಾಳಿಗೆ ಕೆದರಿ. ನನ್ನನ್ನು ನೋಡಿ ಬ್ರೇಕ್ ಹಿಡಿದ.

"ಕಾಸಿಲ್ಡಾ. ಬಾಣ ಆ ಕಡೆಗಿದೆ."

"ಕಾಣಿಸ್ತು," ಎಂದೆ. ಇಳಿದು ಹೋಗಿ, ಗೊಂಚಲನ್ನು ಅವನ ಕೆನ್ನೆಗೆ ಒತ್ತಿ ಉಜ್ಜಿದೆ. ಒಂದು ಬೀಜ ಹುಬ್ಬಿಗೆ ಅಂಟಿಕೊಂಡಿತು. ಅವನು ಒರೆಸಿಕೊಳ್ಳಲಿಲ್ಲ.

"ನಿಮ್ಮ ಸ್ವೆಟರ್?"

"ಬಿಟ್ಟು ಬಂದೆ. ನೀನು ಇನ್ನೂ ನೀವು ನೀವು ಅಂತಿರ್ತೀಯಾ?"

ನನ್ನ ಕೈಯಲ್ಲಿ ಉಳಿದಿದ್ದ ನಾಲ್ಕು ಹಣ್ಣನ್ನು ಅವನು ತೆಗೆದುಕೊಂಡ. ಕಲ್ಲು ಕೆತ್ತಿ ಒರಟಾದ ಅಂಗೈ ನನ್ನ ಕೆನ್ನೆಯ ಮೇಲೆ ನಿಧಾನಕ್ಕೆ ಹರಿದಾಡಿತು, ನಿಂತಿತು, ಹಾಗೇ ಇತ್ತು. ನನಗೆ ಅಳು ಬಂತು.

"ನಾಳೆ ಹೋಗಲೇಬೇಕು, ಅಲ್ಲಿ ಕೆಲಸ ಒಪ್ಕೊಂಡಿದೀನಿ," ಎಂದ. "ಮಾರ್ಚ್‌ಗೆ ಬರ್ತೀನಿ. ಕಾಯ್ತೀಯಾ?"

"ಕಾಯೋದು ನನಗೇನು ಹೊಸದಲ್ಲ. ಯಾರಿಗೋಸ್ಕರ ಅಂತ ಗೊತ್ತಿದ್ದು ಕಾಯೋದು ಹೊಸದು."

ಇಬ್ಬರೂ ವಾಲ್ದೆಮೋರದ ಕಡೆಗೆ ತುಳಿದೆವು. ಚರ್ಚಿನ ಪೂಜೆ ಮುಗಿಸಿದ ಊರೆಲ್ಲ ಚೌಕದಲ್ಲಿ ವೈನ್ ಗ್ಲಾಸು ಹಿಡಿದು ನಿಂತಿತ್ತು.

"ಮುಖ ಒರೆಸ್ಕೋ, ಎಲ್ಲರೂ ನೋಡ್ತಾರೆ," ಎಂದ ಪಿಸುಮಾತಿನಲ್ಲಿ.

ನಾನು ಒರೆಸಿಕೊಳ್ಳಲಿಲ್ಲ. ಕೆನ್ನೆಯ ಮೇಲೆ ರಸ ಒಣಗಿ ಬಿಗಿಯುತ್ತಿತ್ತು. ಬೆಲ್ ಬಾರಿಸಿಕೊಂಡು ಚೌಕದ ನಡುವೆಯೇ ಹೋದೆ.